ಹಗಲು ಮನೆಯೊಳಗೂ ಬರಲಿ



ನಮ್ಮ ತಾಳವಾಡಿ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಎಷ್ಟೋ ಮನೆಗಳ ಅಡಿಗೆಮನೆಯಲ್ಲಿ ನಡುಹಗಲಲ್ಲೇ ದೀಪ ಹಾಕಬೇಕು. ಚಳಿಗಾಳಿಗೆ ಹೆದರಿ ಕಿಟಕಿ ಚಿಕ್ಕದಾಗಿ ಇಟ್ಟಿರುತ್ತೇವೆ. ಹೊಗೆ ಹಿಡಿದ ಗೋಡೆ ಕಪ್ಪಾಗಿರುತ್ತದೆ. ಕರೆಂಟು ಹೋದರೆ ಅಕ್ಕಿಯಲ್ಲಿ ಕಲ್ಲು ಕಾಣದು, ಸೌದೆಯ ಸಂದಿಯಲ್ಲಿ ಚೇಳಿದ್ದರೂ ಕಾಣದು. ಹೊರಗೆ ಪುಕ್ಕಟೆಯಾಗಿ ಸುರಿಯುವ ಬೆಳಕನ್ನು ಒಳಗೆ ತಿರುಗಿಸಿಕೊಳ್ಳುವುದು ಹೇಗೆ? ಇಂದು ಅದನ್ನು ತಿಳಿಯೋಣ.

ಮೊದಲು ಒಂದು ಮಾತು. ಬೆಳಕು ನೇರವಾಗಿ ಸಾಗುತ್ತದೆ, ಆದರೆ ಸೂರ್ಯ ನಿಂತಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಡಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಬಂಡೆಯೊಳಗಿನ ಗುಡಿ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ನವೆಂಬರ್ ಕೊನೆಯಲ್ಲೂ ಬೆಳಕು ಹೀಗೆಯೇ ಒಳಗೆ ಬರುತ್ತದೆ. ಡಿಸೆಂಬರ್ 21-22ರ ವರೆಗೆ ದಕ್ಷಿಣಕ್ಕೆ ಸರಿಯುವ ಸೂರ್ಯ ಆಮೇಲೆ ಉತ್ತರಕ್ಕೆ ಮರಳುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದೇ ಕಿಂಡಿಗೆ ನೇರವಾಗುತ್ತಾನೆ. ಗುಡಿಗೆ ಆ ಕೆಲವು ದಿನ ಸಾಕು. ಅಡಿಗೆಮನೆಗೆ ದಿನವೂ ಬೆಳಕು ಬೇಕಲ್ಲ!

ಅದಕ್ಕೇ ಹಿರಿಯರು ತೊಟ್ಟಿಮನೆ ಕಟ್ಟಿದರು. ತಲೆಯ ಮೇಲಿನ ಬಯಲಿನಿಂದ ಬೆಳಕು ಹಗಲೆಲ್ಲ ಇಳಿಯುತ್ತದೆ. ಹೆಂಚಿನ ಮನೆಯವರು ಒಂದೆರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಬಹುದು. ಸತ್ಯಮಂಗಲದ ಅಂಗಡಿಯಲ್ಲಾದರೆ ‘ಕಣ್ಣಾಡಿ ಓಡು’ ಎಂದು ಕೇಳಿ. ಉತ್ತರದ ಇಳಿಜಾರಿನಲ್ಲಿ ಹಾಕಿಸಿದರೆ ಒಳ್ಳೆಯದು. ಆಗಸ್ಟ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಬೆಳಕು ಬರುತ್ತದೆ, ಝಳ ಕಡಿಮೆ.

ತಗಡಿನ ಮನೆಗೆ ಇನ್ನೊಂದು ದಾರಿಯಿದೆ. 2002ರಲ್ಲಿ ಬ್ರೆಜಿಲ್ ದೇಶದ ಉಬೆರಾಬ ಊರಿನ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್ ಕಂಡುಕೊಂಡ ಉಪಾಯ ಅದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಶುದ್ಧ ನೀರು ತುಂಬಿ, ಪಾಚಿ ಕಟ್ಟದಂತೆ ಎರಡು ಮುಚ್ಚಳದಷ್ಟು ಬ್ಲೀಚಿಂಗ್ ದ್ರಾವಣ ಹಾಕಬೇಕು. ತಗಡಿನಲ್ಲಿ ರಂಧ್ರ ಕೊರೆದು, ಬಾಟಲಿಯ ಸ್ವಲ್ಪ ಭಾಗ ಮೇಲೆ, ಉಳಿದದ್ದು ಒಳಗೆ ಇರುವಂತೆ ನಿಲ್ಲಿಸಬೇಕು. ಬರೀ ರಂಧ್ರವಾದರೆ ನೆಲದ ಮೇಲೆ ಒಂದು ಬಿಸಿಲುಕೋಲು ಬೀಳುತ್ತದೆ, ಅಷ್ಟೆ. ನೀರು ಆ ಬೆಳಕನ್ನು ಬಗ್ಗಿಸಿ ಕೋಣೆಯ ಎಲ್ಲ ಕಡೆಗೂ ಹರಡುತ್ತದೆ. ಒಳ್ಳೆಯ ಬಿಸಿಲಿದ್ದರೆ 40ರಿಂದ 60 ವ್ಯಾಟಿನ ಬಲ್ಬಿನಷ್ಟು ಬೆಳಕು. ಮಳೆಗೆ ಸೋರದಂತೆ ಸುತ್ತ ಗಟ್ಟಿಯಾಗಿ ಅಂಟು ಹಾಕಿಸಿ. ರಾತ್ರಿ ಮಾತ್ರ ಇದರಿಂದ ಉಪಯೋಗವಿಲ್ಲ.

ಇನ್ನು ಕನ್ನಡಿ. ಒಂದು ಚದರಡಿ ಕನ್ನಡಿ ತಿರುಗಿಸುವ ನಡುಹಗಲ ಬಿಸಿಲು, 60 ವ್ಯಾಟಿನ ಏಳೆಂಟು ಹಳೇ ಬಲ್ಬುಗಳಿಗೆ ಸಮ. ಅಂಗಳದಲ್ಲಿ ಕನ್ನಡಿ ನಿಲ್ಲಿಸಿ, ಬಾಗಿಲ ಮೂಲಕ ಸುಣ್ಣ ಬಳಿದ ಗೋಡೆಯ ಮೇಲುಭಾಗಕ್ಕೆ ಬೆಳಕು ಎಸೆದರೆ ಕಣಜದ ಕೋಣೆಯಾದರೂ ಬೆಳಗುತ್ತದೆ. ಆದರೆ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಕು ಒಂದೇ ಕಡೆ ನಿಲ್ಲಬೇಕಾದರೆ ಕನ್ನಡಿಯನ್ನು ಅದರ ಅರ್ಧದಷ್ಟು ತಿರುಗಿಸುತ್ತಿರಬೇಕು. ದೊಡ್ಡ ಕಟ್ಟಡಗಳಲ್ಲಿ ಈ ಕೆಲಸವನ್ನು ಮೋಟಾರು ಮಾಡುತ್ತದೆ. ಇಂಥ ಯಂತ್ರಕ್ಕೆ ಹೀಲಿಯೋಸ್ಟ್ಯಾಟ್ ಎಂದು ಹೆಸರು. ಮನೆಯಲ್ಲಿ ಕಾಲು ಗಂಟೆಗೊಮ್ಮೆ ಕೈಯಲ್ಲೇ ತಿರುಗಿಸಿದರಾಯಿತು.

ಎಚ್ಚರಿಕೆ ಮರೆಯಬೇಡಿ. ಚಪ್ಪಟೆ ಕನ್ನಡಿಯನ್ನೇ ಬಳಸಿ. ಒಳಗೆ ತಗ್ಗಿರುವ ಕನ್ನಡಿ ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸುತ್ತದೆ. ಹುಲ್ಲಿನ ಮೆದೆಗೆ ಬೆಂಕಿ ಹತ್ತಬಹುದು. ಬೆಳಕು ಯಾರ ಕಣ್ಣಿಗೂ, ದಾರಿಯಲ್ಲಿ ಬರುವ ಗಾಡಿಗೂ ಹೊಡೆಯಬಾರದು. ಕೆಲಸ ಮುಗಿದ ಮೇಲೆ ಕನ್ನಡಿಯನ್ನು ಬೋರಲು ಹಾಕಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಸುಣ್ಣ ಬಳಿಯುವುದು. ಕಪ್ಪು ಗೋಡೆ ಬೆಳಕನ್ನು ನುಂಗುತ್ತದೆ, ಬಿಳಿ ಗೋಡೆ ಹೆಚ್ಚಿನ ಪಾಲನ್ನು ಹಿಂದಿರುಗಿಸುತ್ತದೆ. ಗೋಡೆ ಕಪ್ಪಾಗಿಯೇ ಇದ್ದರೆ ಗಾಜು, ಬಾಟಲಿ, ಕನ್ನಡಿ ಏನು ಹಾಕಿದರೂ ಅರ್ಧ ಫಲ. ಹೊಗೆ ಹೋಗಲು ಹೊಗೆಗಿಂಡಿಯೂ ಇರಲಿ.

ಸಂಕ್ರಾಂತಿ ಎನ್ನಿ, ಪೊಂಗಲ್ ಎನ್ನಿ, ಹಬ್ಬಕ್ಕೆ ಹೇಗೂ ಸುಣ್ಣ ಬಳಿಯುತ್ತೇವೆ. ಈ ಸಲ ಬೀದಿಗೆ ಕಾಣುವ ಗೋಡೆಗಿಂತ ಮೊದಲು ಅಡಿಗೆಮನೆಯ ಗೋಡೆಗೆ ಬಳಿಯಿರಿ. ಮನೆಯ ಹೆಂಗಸರು ದಿನದ ಎಷ್ಟೋ ಹೊತ್ತು ಕಳೆಯುವುದು ಅಲ್ಲಿಯೇ ಅಲ್ಲವೇ?