ಬಾಟಲಿಯಿಂದ ಲೋಟಕ್ಕೆ: ಶಿಶುಗಳಿಗೆ ಲೋಟದಲ್ಲಿ ಹಾಲು ಕುಡಿಯುವ ಅಭ್ಯಾಸ ಮಾಡಿಸುವ ಕುರಿತು ಪೋಷಕರಿಗೆ ಮಾಹಿತಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ತೇರಗಾಂವ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಭತ್ತ, ಕಬ್ಬು, ಗೋವಿನಜೋಳ ಮತ್ತು ಹತ್ತಿ ಮುಖ್ಯ ಬೆಳೆಗಳಾಗಿವೆ. ನಾಟಿ, ಕಳೆ ಹಾಗೂ ಕಟಾವಿನ ದಿನಗಳಲ್ಲಿ ಮನೆಯ ಮಹಿಳೆಯರು ಬೆಳಿಗ್ಗೆಯೇ ಹೊಲಕ್ಕೆ ತೆರಳುವುದರಿಂದ ಎಳೆಯ ಮಕ್ಕಳ ಪಾಲನೆಯು ಅಜ್ಜಿಯ ಅಥವಾ ಹಿರಿಯ ಮಕ್ಕಳ ಪಾಲಿಗೆ ಬರುತ್ತದೆ. ಇಂತಹ ಸಂದರ್ಭದಲ್ಲಿ ಹಾಲುಣಿಸುವ ಬಾಟಲಿಯು ಸುಲಭದ ಸಾಧನವಾಗಿ ಕಂಡುಬರುತ್ತದೆ. ಒಮ್ಮೆ ರೂಢಿಯಾದ ಬಾಟಲಿಯನ್ನು ಬಿಡಿಸುವುದು ಹೇಗೆ, ಅದಕ್ಕಾಗಿ ಮಾರುಕಟ್ಟೆಯಲ್ಲಿ ದೊರೆಯುವ ಸಿಪ್ಪರ್ ಲೋಟವನ್ನು ಕೊಳ್ಳಬೇಕೇ, ಯಾವ ವಯಸ್ಸಿನಲ್ಲಿ ಬಿಡಿಸಬೇಕು ಎಂಬ ಪ್ರಶ್ನೆಗಳು ಪೋಷಕರಲ್ಲಿ ಸಾಮಾನ್ಯವಾಗಿವೆ. ಅಂಗನವಾಡಿ ಸೇವೆಗಳಿಗೆ ಮಗುವನ್ನು ನೋಂದಾಯಿಸುವ ಪೋಷಕರ ಅನುಕೂಲಕ್ಕಾಗಿ ಈ ವಿಷಯದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮಗುವಿಗೆ ಮೊದಲ 6 ತಿಂಗಳು ತಾಯಿಯ ಹಾಲನ್ನು ಮಾತ್ರ ನೀಡತಕ್ಕದ್ದು. 6 ತಿಂಗಳು ತುಂಬಿದ ನಂತರ ಪೂರಕ ಆಹಾರವನ್ನು ಆರಂಭಿಸಿ, 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತಾಯಿಯ ಹಾಲನ್ನು ಮುಂದುವರಿಸುವುದು ಸೂಕ್ತ. ಈ ಕ್ರಮವನ್ನು ಅನುಸರಿಸುವ ಮಗುವಿಗೆ ಬಾಟಲಿಯ ಅಗತ್ಯವೇ ಬರುವುದಿಲ್ಲ. ಈಗಾಗಲೇ ಬಾಟಲಿಗೆ ಹೊಂದಿಕೊಂಡಿರುವ ಮಗುವಿಗೂ ಮತ್ತೊಂದು ಹೊಸ ಉಪಕರಣ ಬೇಕಿಲ್ಲ. ಮನೆಯಲ್ಲಿರುವ ಚಿಕ್ಕ ಸ್ಟೀಲ್ ಲೋಟ ಅಥವಾ ಬಟ್ಟಲು ಸಾಕಾಗುತ್ತದೆ.

ಬಾಟಲಿಯನ್ನು ಬಿಡಿಸಬೇಕಾದ ಕಾರಣಗಳು

1. ಅತಿಸಾರ ಭೇದಿ: ಬಾಟಲಿಯ ಕತ್ತು ಮತ್ತು ನಿಪ್ಪಲ್‌ನ ಒಳಭಾಗದಲ್ಲಿ ಹಾಲಿನ ಅಂಶವು ಉಳಿದು ರೋಗಾಣುಗಳು ಬೆಳೆಯುತ್ತವೆ. ಪ್ರತಿ ಬಾರಿಯೂ ಬ್ರಷ್‌ನಿಂದ ಉಜ್ಜಿ ತೊಳೆದು ನೀರಿನಲ್ಲಿ ಕುದಿಸದ ಹೊರತು ಬಾಟಲಿ ಶುದ್ಧವಾಗುವುದಿಲ್ಲ. ಹೊಲದ ಕೆಲಸದ ದಿನಗಳಲ್ಲಿ ದಿನಕ್ಕೆ ನಾಲ್ಕೈದು ಬಾರಿ ಹೀಗೆ ಮಾಡುವುದು ಬಹುತೇಕ ಮನೆಗಳಲ್ಲಿ ಸಾಧ್ಯವಾಗದು. ಅಗಲ ಬಾಯಿಯ ಲೋಟದ ಒಳಭಾಗವು ಕಣ್ಣಿಗೆ ಕಾಣುವುದರಿಂದ ಸೋಪು ಮತ್ತು ಶುದ್ಧ ನೀರಿನಿಂದ ಸುಲಭವಾಗಿ ತೊಳೆಯಬಹುದು.

2. ಹಲ್ಲು ಹುಳುಕು: ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ರಿಸುವ ಮಗುವಿನ ಹಲ್ಲುಗಳ ಮೇಲೆ ಹಾಲು ಬಹಳ ಹೊತ್ತು ನಿಲ್ಲುತ್ತದೆ. ಇದರಿಂದ ಮೇಲಿನ ಮುಂಭಾಗದ ಹಲ್ಲುಗಳು ಮೊದಲು ಹಾಳಾಗುತ್ತವೆ. ಸಕ್ಕರೆ ಅಥವಾ ಬೆಲ್ಲ ಬೆರೆಸಿದ ಹಾಲು ಹಾನಿಯನ್ನು ಹೆಚ್ಚಿಸುತ್ತದೆ. ಮಲಗಿಸಿ ಬಾಟಲಿ ಕೊಡುವುದರಿಂದ ಕಿವಿಯ ಸೋಂಕಿನ ಸಂಭವವೂ ಹೆಚ್ಚುತ್ತದೆ.

3. ರಕ್ತಹೀನತೆ: ಹಸುವಿನ ಹಾಗೂ ಎಮ್ಮೆಯ ಹಾಲಿನಲ್ಲಿ ಕಬ್ಬಿಣದ ಅಂಶವು ಅತ್ಯಲ್ಪವಾಗಿರುತ್ತದೆ. 200 ಮಿ.ಲೀ. ಪ್ರಮಾಣದ ಬಾಟಲಿಯನ್ನು ದಿನಕ್ಕೆ 4 ಬಾರಿ ಕೊಟ್ಟಲ್ಲಿ ಒಟ್ಟು 800 ಮಿ.ಲೀ. ಆಗುತ್ತದೆ. ಅಷ್ಟು ಹಾಲು ಕುಡಿದ ಮಗುವಿಗೆ ಅನ್ನ, ಬೇಳೆ, ಸೊಪ್ಪು, ಮೊಟ್ಟೆ ತಿನ್ನಲು ಹಸಿವು ಉಳಿಯುವುದಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಸುಮಾರು ಅರ್ಧ ಲೀಟರ್ ಹಾಲು ಸಾಕು. ನೋಡಲು ದುಂಡಗಿರುವ ಮಗುವೂ ರಕ್ತಹೀನತೆಯಿಂದ ಬಳಲುತ್ತಿರಬಹುದು.

4. ನೀರು ಬೆರೆಸಿದ ಹಾಲು: ಎಮ್ಮೆಯ ಹಾಲು ಗಟ್ಟಿ ಎಂಬ ಕಾರಣಕ್ಕೆ ಅಥವಾ ಹಾಲು ಹೆಚ್ಚು ದಿನ ಬರಲೆಂದು ಅದಕ್ಕೆ ನೀರು ಬೆರೆಸಿ ಬಾಟಲಿಗೆ ಹಾಕುವುದುಂಟು. ಇದರಿಂದ ಮಗುವಿನ ಹೊಟ್ಟೆ ತುಂಬಿದಂತೆ ಕಂಡರೂ ಪೋಷಣೆ ದೊರೆಯುವುದಿಲ್ಲ.

ಯಾವ ವಯಸ್ಸಿನಲ್ಲಿ ಆರಂಭಿಸಬೇಕು

6 ತಿಂಗಳು ತುಂಬಿ, ಮಗು ಆಸರೆಯೊಂದಿಗೆ ಕುಳಿತು ತಲೆಯನ್ನು ನೇರವಾಗಿ ಹಿಡಿಯತೊಡಗಿದಾಗ ಲೋಟದ ಪರಿಚಯ ಮಾಡಿಸಬಹುದು. ಪೂರಕ ಆಹಾರದ ಜೊತೆಗೆ ಕುದಿಸಿ ಆರಿಸಿದ ನೀರನ್ನು ಒಂದೆರಡು ಗುಟುಕು ಲೋಟದಲ್ಲಿ ಕೊಡುವುದರಿಂದ ಆರಂಭಿಸಬೇಕು. 9 ತಿಂಗಳ ವೇಳೆಗೆ ಅನೇಕ ಮಕ್ಕಳು ಎರಡೂ ಕೈಗಳಿಂದ ಲೋಟವನ್ನು ಹಿಡಿಯಲು ಪ್ರಯತ್ನಿಸುತ್ತವೆ. 12 ತಿಂಗಳ ಸುಮಾರಿಗೆ ಬಾಟಲಿಯನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ, 18 ತಿಂಗಳೊಳಗೆ ಸಂಪೂರ್ಣವಾಗಿ ನಿಲ್ಲಿಸುವುದು ಸೂಕ್ತ. ತಡವಾದಷ್ಟೂ ಮಗುವಿನ ಹಟ ಹೆಚ್ಚುತ್ತದೆ.

ಲೋಟದಲ್ಲಿ ಕುಡಿಸುವ ವಿಧಾನ

1. ಪಾಲಕರು ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಬೇಕು.
2. ಮಗುವನ್ನು ತೊಡೆಯ ಮೇಲೆ ನೇರವಾಗಿ ಕುಳ್ಳಿರಿಸಬೇಕು. ಮಲಗಿಸಿ ಕುಡಿಸಬಾರದು.
3. ಅಂಚು ನುಣುಪಾಗಿರುವ ಚಿಕ್ಕ ಲೋಟದಲ್ಲಿ ಅರ್ಧದಷ್ಟು ಮಾತ್ರ ಹಾಲು ಹಾಕಬೇಕು.
4. ಲೋಟದ ಅಂಚನ್ನು ಕೆಳತುಟಿಯ ಮೇಲೆ ಇರಿಸಿ, ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಬೇಕು. ಬಾಯಿಗೆ ಸುರಿಯಬಾರದು, ಮಗು ತಾನಾಗಿ ಹೀರಿಕೊಳ್ಳಲು ಬಿಡಬೇಕು.
5. ಒಂದೆರಡು ಗುಟುಕಿನ ನಂತರ ನಿಲ್ಲಿಸಿ, ಮಗು ನುಂಗಿದ ಮೇಲೆ ಮುಂದುವರಿಸಬೇಕು. ಮುಖ ತಿರುಗಿಸಿದಲ್ಲಿ ಒತ್ತಾಯಿಸಬಾರದು.

ಮೊದಲ ಕೆಲವು ದಿನ ಹಾಲು ಚೆಲ್ಲುವುದು ಸಹಜ. ಕೊರಳಿಗೆ ಒಂದು ಬಟ್ಟೆ ಕಟ್ಟಿದಲ್ಲಿ ಸಾಕು. ಚೆಲ್ಲುತ್ತದೆ ಎಂಬ ಕಾರಣಕ್ಕೆ ಬಾಟಲಿಗೆ ಮರಳಬಾರದು.

ಬಾಟಲಿಯನ್ನು ಹಂತಹಂತವಾಗಿ ನಿಲ್ಲಿಸುವ ಕ್ರಮ

ಮೊದಲ ಹಂತ: ಮಧ್ಯಾಹ್ನದ ಬಾಟಲಿಯನ್ನು ನಿಲ್ಲಿಸಿ ಆ ಹೊತ್ತಿನ ಹಾಲನ್ನು ಲೋಟದಲ್ಲಿ ಕೊಡಬೇಕು. ಊಟದ ಹೊತ್ತಿಗೆ ಮನೆಯವರೆಲ್ಲರೂ ಲೋಟದಲ್ಲಿ ಕುಡಿಯುವುದನ್ನು ಕಂಡು ಮಗು ಅನುಕರಿಸುತ್ತದೆ. ಇದನ್ನು ಸುಮಾರು ಒಂದು ವಾರ ಮುಂದುವರಿಸಬೇಕು.

ಎರಡನೆಯ ಹಂತ: ನಂತರದ ವಾರದಲ್ಲಿ ಸಂಜೆಯ, ಅದರ ನಂತರ ಬೆಳಗಿನ ಬಾಟಲಿಯನ್ನು ಇದೇ ರೀತಿ ಬದಲಾಯಿಸಬೇಕು.

ಮೂರನೆಯ ಹಂತ: ರಾತ್ರಿಯ ಬಾಟಲಿಯನ್ನು ಕೊನೆಯಲ್ಲಿ ನಿಲ್ಲಿಸಬೇಕು. ಮಗುವಿಗೆ ಇದು ಹಸಿವಿಗಿಂತ ಸಮಾಧಾನದ ಸಾಧನವಾಗಿರುವುದರಿಂದ ಈ ಹಂತ ಕಠಿಣ. ರಾತ್ರಿಯ ಊಟದ ನಂತರ ಲೋಟದಲ್ಲಿ ಹಾಲು ಕೊಟ್ಟು, ಹಲ್ಲುಗಳನ್ನು ಒರೆಸಿ, ಬಳಿಕ ಜೋಗುಳ ಹಾಡಿ ಅಥವಾ ತಟ್ಟಿ ಮಲಗಿಸುವ ಕ್ರಮವನ್ನು ಪ್ರತಿ ರಾತ್ರಿಯೂ ತಪ್ಪದೆ ಪಾಲಿಸಬೇಕು. ಒಂದು ವರ್ಷ ದಾಟಿದ ಮಗು ರಾತ್ರಿ ಬಾಟಲಿಗಾಗಿ ತೀರಾ ಹಟ ಮಾಡಿದಲ್ಲಿ ಶುದ್ಧವಾದ ಬಾಟಲಿಯಲ್ಲಿ ನೀರನ್ನು ಮಾತ್ರ ಕೊಟ್ಟು, ಹಾಲನ್ನು ಲೋಟದಲ್ಲಷ್ಟೇ ಕೊಡಬಹುದು. ಕೆಲವು ದಿನಗಳಲ್ಲಿ ಬಾಟಲಿಯ ಆಸೆ ಕಡಿಮೆಯಾಗುತ್ತದೆ.

ಮಗುವಿಗೆ ಜ್ವರ ಅಥವಾ ಭೇದಿ ಇರುವಾಗ ಬದಲಾವಣೆಯನ್ನು ಆರಂಭಿಸದೆ ಗುಣವಾಗುವವರೆಗೆ ಕಾಯಬೇಕು. ತಾಯಿ ಲೋಟದಲ್ಲಿ ಕೊಟ್ಟು, ತಾಯಿ ಹೊಲಕ್ಕೆ ಹೋದ ಮೇಲೆ ಉಳಿದವರು ಬಾಟಲಿ ಕೊಟ್ಟಲ್ಲಿ ಪ್ರಯತ್ನವೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ ಅಜ್ಜಿ, ಅಜ್ಜ, ಹಿರಿಯ ಮಕ್ಕಳು ಎಲ್ಲರಿಗೂ ಈ ಕ್ರಮವನ್ನು ಮೊದಲೇ ತಿಳಿಸುವುದು ಅವಶ್ಯ.

ಒಳಲೆ ಮತ್ತು ಸಿಪ್ಪರ್ ಲೋಟ

ಎಳೆಯ ಮಕ್ಕಳಿಗೆ ಹಾಲು ಹಾಗೂ ಔಷಧಿ ಕುಡಿಸಲು ಮೂತಿಯಿರುವ ಒಳಲೆಯನ್ನು ಬಳಸುವ ಪದ್ಧತಿಯು ನಾಡಿನಲ್ಲಿ ಹಿಂದಿನಿಂದಲೂ ಇದೆ. ಅವಧಿಗೆ ಮುನ್ನ ಜನಿಸಿದ ಅಥವಾ ತಾಯಿಯ ಎದೆಯಿಂದ ಹೀರಲಾಗದ ಶಿಶುಗಳಿಗೆ ಹಿಂಡಿ ತೆಗೆದ ತಾಯಿಯ ಹಾಲನ್ನು ಕೊಡಲು ಆಸ್ಪತ್ರೆಗಳಲ್ಲಿಯೂ ಒಳಲೆ ಅಥವಾ ಬಟ್ಟಲನ್ನು ಬಳಸಲಾಗುತ್ತದೆ. ಹುಟ್ಟಿದ ಕೂಸಿಗೂ ಬಾಟಲಿಯಿಲ್ಲದೆ ಹಾಲುಣಿಸಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಮೂಗು ಹಿಡಿದು ಅಥವಾ ಕೈಕಾಲು ಅದುಮಿ ಒಳಲೆಯಿಂದ ಹಾಲು ಸುರಿಯುವುದು ಅಪಾಯಕರ. ಹಾಲು ಶ್ವಾಸನಾಳಕ್ಕೆ ಹೋಗಬಹುದು.

ಮುಚ್ಚಳ ಮತ್ತು ಮೂತಿಯಿರುವ ಸಿಪ್ಪರ್ ಲೋಟವು ಪ್ರಯಾಣದಂತಹ ಸಂದರ್ಭಗಳಲ್ಲಿ ಉಪಯುಕ್ತ. ಹಾಲು ಚೆಲ್ಲದಂತೆ ಒಳಗೆ ಕವಾಟ ಅಳವಡಿಸಿರುವ ಸಿಪ್ಪರ್‌ನಲ್ಲಿ ಮಗು ಬಾಟಲಿಯಂತೆಯೇ ಚೀಪಬೇಕಾಗುತ್ತದೆಯೇ ಹೊರತು ಗುಟುಕರಿಸಲು ಕಲಿಯುವುದಿಲ್ಲ. ಕೊಳ್ಳುವುದಾದಲ್ಲಿ ಕವಾಟವಿಲ್ಲದ, ಎಲ್ಲ ಭಾಗಗಳನ್ನೂ ಬಿಚ್ಚಿ ತೊಳೆಯಬಹುದಾದ ಲೋಟವನ್ನು ಆರಿಸಬೇಕು. ಹಾಲು ತುಂಬಿದ ಸಿಪ್ಪರ್ ಹಿಡಿದು ಮಗು ದಿನವಿಡೀ ಓಡಾಡಲು ಬಿಡಬಾರದು. ಸಿಪ್ಪರ್ ಅಲ್ಪಾವಧಿಯ ಸಾಧನ ಮಾತ್ರ. ತೆರೆದ ಲೋಟದಲ್ಲಿ ಕುಡಿಯುವುದೇ ಅಂತಿಮ ಗುರಿ. ದಿನಾಂಕ 01.08.2013ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಅಂಗನವಾಡಿಯ ಮಕ್ಕಳಿಗೆ 150 ಮಿ.ಲೀ. ಹಾಲು ಒದಗಿಸಲಾಗುತ್ತಿದೆ. 3 ವರ್ಷಕ್ಕೆ ಕೇಂದ್ರಕ್ಕೆ ಬರುವ ಮಗುವಿಗೆ ಲೋಟದ ಅಭ್ಯಾಸವಿದ್ದಲ್ಲಿ ಇತರ ಮಕ್ಕಳೊಂದಿಗೆ ಕುಳಿತು ಕುಡಿಯಲು ತೊಂದರೆಯಾಗುವುದಿಲ್ಲ.

ಕೆಲಸಕ್ಕೆ ತೆರಳುವ ತಾಯಂದಿರಿಗೆ

ತಾಯಿಯು ಹಾಲನ್ನು ಶುದ್ಧ ಪಾತ್ರೆಗೆ ಹಿಂಡಿ ತೆಗೆದು ಮುಚ್ಚಿಟ್ಟು ಹೋಗಬಹುದು. ತಂಪಾದ ಕೋಣೆಯಲ್ಲಿ ಇದನ್ನು 4 ಗಂಟೆಗಳವರೆಗೆ, ಫ್ರಿಜ್‌ನಲ್ಲಿ 24 ಗಂಟೆಗಳವರೆಗೆ ಇಡಬಹುದು. ಬೇಸಿಗೆಯ ಸೆಕೆಯಲ್ಲಿ ಹೊರಗಿಟ್ಟ ಹಾಲನ್ನು ಇನ್ನೂ ಬೇಗ ಬಳಸಬೇಕು. ಮನೆಯಲ್ಲಿರುವವರು ಇದನ್ನು ಚಮಚ, ಒಳಲೆ ಅಥವಾ ಲೋಟದಲ್ಲಿ ಕುಡಿಸಬೇಕು. ಒಂದು ವರ್ಷದೊಳಗಿನ ಮಗುವಿಗೆ ತಾಯಿಯ ಹಾಲು ಲಭ್ಯವಿಲ್ಲದಿದ್ದಲ್ಲಿ ಯಾವ ಹಾಲು ಕೊಡಬೇಕೆಂಬುದನ್ನು ವೈದ್ಯರಿಂದಲೇ ತಿಳಿದುಕೊಳ್ಳಬೇಕು. ಗ್ರಾಮೀಣ ಪ್ರದೇಶದಲ್ಲಿ ಕೂಲಿ ಕೆಲಸಕ್ಕೆ ತೆರಳುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ರಾಜ್ಯದಲ್ಲಿ ಕೂಸಿನ ಮನೆ ಶಿಶುಪಾಲನಾ ಕೇಂದ್ರಗಳನ್ನು ಆರಂಭಿಸಲಾಯಿತು. ಸಮೀಪದ ಕೇಂದ್ರದ ವಿವರಗಳನ್ನು ಗ್ರಾಮ ಪಂಚಾಯಿತಿ ಕಾರ್ಯಾಲಯದಲ್ಲಿ ವಿಚಾರಿಸಬಹುದು.

ಕಾನೂನಿನ ರಕ್ಷಣೆ

ಶಿಶು ಹಾಲಿನ ಬದಲಿ ಪದಾರ್ಥಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಉತ್ಪಾದನೆ, ಸರಬರಾಜು ಹಾಗೂ ವಿತರಣೆಯನ್ನು ನಿಯಂತ್ರಿಸುವ 1992ರ ಅಧಿನಿಯಮವು 1993ರ ಆಗಸ್ಟ್ 1ರಿಂದ ಜಾರಿಯಲ್ಲಿದ್ದು, 2003ರಲ್ಲಿ ತಿದ್ದುಪಡಿಯಾಗಿದೆ. ಇದರನ್ವಯ ಹಾಲುಣಿಸುವ ಬಾಟಲಿಗಳ ಜಾಹೀರಾತು ನೀಡುವುದು, ತಾಯಂದಿರಿಗೆ ಉಚಿತ ಮಾದರಿ ಅಥವಾ ಉಡುಗೊರೆ ಹಂಚುವುದು ನಿಷಿದ್ಧ. ಬಾಟಲಿ ಎಂಬ ಪದದ ವ್ಯಾಖ್ಯೆಯಲ್ಲಿ ಅದಕ್ಕೆ ಜೋಡಿಸುವ ನಿಪ್ಪಲ್ ಮತ್ತು ಕವಾಟಗಳೂ ಸೇರಿವೆ. ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ ರೂ. 5,000ರವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಬಾಟಲಿಯನ್ನು ಕೊಳ್ಳುವುದಾಗಲಿ ಬಳಸುವುದಾಗಲಿ ತಾಯಂದಿರ ಪಾಲಿಗೆ ಅಪರಾಧವಲ್ಲ. ಆದ್ದರಿಂದ ಬಾಟಲಿ ಬಳಸುತ್ತಿರುವ ವಿಷಯವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಮುಚ್ಚಿಡುವ ಅಗತ್ಯವಿಲ್ಲ.

ಅಂಗನವಾಡಿ ಕೇಂದ್ರದಲ್ಲಿ ದೊರೆಯುವ ನೆರವು

ಕರ್ನಾಟಕದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾಯಿತು. 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳು, ಗರ್ಭಿಣಿಯರು ಹಾಗೂ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಪೂರಕ ಪೌಷ್ಟಿಕ ಆಹಾರ ದೊರೆಯುತ್ತದೆ. 3 ವರ್ಷದೊಳಗಿನ ಮಕ್ಕಳಿಗೆ ಆಹಾರವನ್ನು ಮನೆಗೆ ಕೊಡಲಾಗುತ್ತದೆ. ಮಗುವಿನ ತೂಕವನ್ನು ಪ್ರತಿ ತಿಂಗಳು ದಾಖಲಿಸಲಾಗುತ್ತದೆ. ಬಾಟಲಿ ಬಿಡಿಸುವ ಅವಧಿಯಲ್ಲಿ ಮಗು ಸೊರಗುತ್ತದೆಂಬ ಆತಂಕವಿರುವವರು ಈ ತೂಕದ ದಾಖಲೆಯನ್ನು ನೋಡಿ ಖಚಿತಪಡಿಸಿಕೊಳ್ಳಬಹುದು.

ನೋಂದಣಿಗೆ ತಾಯಿ ಕಾರ್ಡ್ ಮತ್ತು ಮಗುವಿನ ಜನನ ದಿನಾಂಕ ತಿಳಿಸುವ ದಾಖಲೆಯೊಂದಿಗೆ ವಾಸಸ್ಥಳದ ಅಂಗನವಾಡಿ ಕಾರ್ಯಕರ್ತೆಯನ್ನು ಸಂಪರ್ಕಿಸಬೇಕು. ಯಾವುದೇ ಶುಲ್ಕವಿರುವುದಿಲ್ಲ. ಕಬ್ಬು ಕಟಾವಿಗಾಗಿ ಬೇರೆ ಊರುಗಳಿಂದ ಬಂದು ನೆಲೆಸಿರುವ ಕುಟುಂಬಗಳೂ ತಾವಿರುವ ಸ್ಥಳದ ಕೇಂದ್ರವನ್ನು ಸಂಪರ್ಕಿಸಬಹುದು. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಕೊಡಬೇಕಾದ ಕಬ್ಬಿಣಾಂಶದ ಸಿರಪ್ ಕುರಿತು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಬೇಕು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲೋಟದಲ್ಲಿ ಮಗು ಮೊದಲಿನಷ್ಟು ಹಾಲು ಕುಡಿಯುವುದಿಲ್ಲ. ಏನು ಮಾಡಬೇಕು?
ಉತ್ತರ: ಒಂದು ವರ್ಷ ದಾಟಿದ ಮಗು ಹಾಲು ಕಡಿಮೆ ಮಾಡಿ ಊಟ ಹೆಚ್ಚಿಸಿಕೊಳ್ಳುವುದು ಅಪೇಕ್ಷಿತ ಬದಲಾವಣೆಯೇ ಆಗಿದೆ. ಮೊಸರು ಅಥವಾ ಹಾಲು ಹಾಕಿ ಬೇಯಿಸಿದ ಗಂಜಿಯ ರೂಪದಲ್ಲಿಯೂ ಹಾಲಿನ ಅಂಶವನ್ನು ಕೊಡಬಹುದು. ಒಂದು ವರ್ಷದೊಳಗಿನ ಮಗು ಕುಡಿಯುವುದು ತೀರಾ ಕಡಿಮೆಯಾದಲ್ಲಿ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಲೋಟಕ್ಕೆ ಒಗ್ಗಿಸಲು ಹಾಲಿಗೆ ಸಕ್ಕರೆ ಅಥವಾ ಜೇನುತುಪ್ಪ ಬೆರೆಸಬಹುದೇ?
ಉತ್ತರ: ಬೆರೆಸಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ಕೊಡಬಾರದು.

ಪ್ರಶ್ನೆ: ಬಾಟಲಿ ಬಿಡಿಸುವಾಗ ತಾಯಿಯ ಹಾಲನ್ನೂ ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬಾರದು. ಬಿಡಿಸಬೇಕಾಗಿರುವುದು ಬಾಟಲಿಯನ್ನು ಮಾತ್ರ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಲೋಟದಲ್ಲಿ ಕುಡಿಯುವಾಗ ಪ್ರತಿ ಬಾರಿಯೂ ಕೆಮ್ಮು ಅಥವಾ ಉಸಿರು ಸಿಕ್ಕಿಕೊಳ್ಳುವುದು, 18 ತಿಂಗಳಾದರೂ ಲೋಟದಿಂದ ಕುಡಿಯಲು ಬಾರದಿರುವುದು, ತೂಕ ಹೆಚ್ಚದಿರುವುದು, ಅಂಗೈ ಬಿಳಚಿಕೊಂಡಿರುವುದು, ಮುಂಭಾಗದ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಕಲೆಗಳು ಕಂಡುಬರುವುದು – ಇವುಗಳಲ್ಲಿ ಯಾವುದಾದರೂ ಇದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಹಳಿಯಾಳದ ತಾಲ್ಲೂಕು ಆಸ್ಪತ್ರೆಗೆ ಮಗುವನ್ನು ಕರೆದೊಯ್ಯಬೇಕು. ಭೇದಿಯಾದಲ್ಲಿ ತಾಯಿಯ ಹಾಲು ಹಾಗೂ ಆಹಾರವನ್ನು ನಿಲ್ಲಿಸದೆ ಓ.ಆರ್.ಎಸ್. ದ್ರಾವಣವನ್ನು ಲೋಟ ಮತ್ತು ಚಮಚದಿಂದ ಕುಡಿಸಬೇಕು; ವೈದ್ಯರು ಅಥವಾ ಆರೋಗ್ಯ ಕಾರ್ಯಕರ್ತೆಯರು ತಿಳಿಸಿದಂತೆ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ಕೊಡಬೇಕು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕುಡಿಯಲಾಗದಷ್ಟು ನಿಶ್ಶಕ್ತಿ ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸ್ಥಳೀಯ ಅಂಗನವಾಡಿ ಕಾರ್ಯಕರ್ತೆ, ವಲಯ ಮೇಲ್ವಿಚಾರಕಿ ಅಥವಾ ಹಳಿಯಾಳದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಾರ್ಯಾಲಯವನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.