ಹನ್ನೆರಡು ಕಾರ್ಡು, ಆರು ಜೋಡಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮ್ಮ ಅನೇಕ ಮನೆಗಳಲ್ಲಿ ಮಾತು ಉರ್ದು. ಮಗು ಕನ್ನಡ ಶಾಲೆಗೆ ಸೇರಿದ ದಿನ ತನಗೆ ಗೊತ್ತಿದ್ದ ವಸ್ತುಗಳೆಲ್ಲ ಬೇರೆ ಹೆಸರಿನಲ್ಲಿ ಎದುರಿಗೆ ನಿಲ್ಲುತ್ತವೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ತರಗತಿಯಲ್ಲಿ ತುಟಿ ಬಿಚ್ಚುವುದಿಲ್ಲ. ಮಂಡ್ಯದಲ್ಲಿ ಹುಟ್ಟಿ ಕಬ್ಬು ಗೊತ್ತಿರದ ಮಗು ಉಂಟೇ? ‘ಗನ್ನಾ’ ಎಂಬುದನ್ನು ಇಲ್ಲಿ ‘ಕಬ್ಬು’ ಎನ್ನುತ್ತಾರೆಂಬುದು ಅವಳಿಗಿನ್ನೂ ತಿಳಿದಿಲ್ಲ, ಅಷ್ಟೆ. ಇದನ್ನೇ ದಡ್ಡತನವೆಂದು ತಿಳಿದು ಮಗುವನ್ನು ಗದರಿಸುವ ತಾಯಂದಿರೂ ಇದ್ದಾರೆ. ಸಹೋದರಿಯರೇ, ಟ್ಯೂಷನ್‌ಗೆ ಕಳುಹಿಸುವ ಮೊದಲು ಜೋಡಿ ಹುಡುಕುವ ಆಟವನ್ನು ಆಡಿಸಿ ನೋಡಿ.

ಕಾರ್ಡು ಹಿಡಿದು ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಗೆ ಕಲಿಕಾ ಕಾರ್ಡುಗಳೇ ಜೀವಾಳ. ಜೋಡಿ ಹುಡುಕುವ ಆಟವನ್ನು ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪೆನಿ 1959ರಲ್ಲಿ ‘ಮೆಮೊರಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ನಾವು ಅದನ್ನು ಕೊಳ್ಳಬೇಕಾಗಿಲ್ಲ.

ಮನೆಯಲ್ಲಿ ಹಳೆಯ ಮದುವೆ ಕಾರ್ಡುಗಳು ಇದ್ದೇ ಇರುತ್ತವೆ. ಬಿಸ್ಮಿಲ್ಲಾಹ್ ಅಚ್ಚಾಗಿರುವ ಭಾಗವನ್ನು ಮೊದಲೇ ಕತ್ತರಿಸಿ ಗೌರವದಿಂದ ತೆಗೆದಿಡಿ. ಆಟದ ಕಾರ್ಡುಗಳು ನೆಲದ ಮೇಲೆ ಬೀಳುವಂಥವು. ಉಳಿದುದನ್ನು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾಗಿ, ಒಂದೇ ಅಳತೆಗೆ ಹನ್ನೆರಡು ತುಂಡು ಮಾಡಿ. ಹಿಂಬದಿಗೆಲ್ಲ ಒಂದೇ ಬಗೆಯ ಕಾಗದ ಅಂಟಿಸಬೇಕು. ಒಂದರ ಹಿಂದೆ ಗುಲಾಬಿ ಹೂ, ಇನ್ನೊಂದರ ಹಿಂದೆ ಚಿನ್ನದ ಬಳ್ಳಿ ಇದ್ದರೆ ಮಕ್ಕಳು ಹಿಂಬದಿ ನೋಡಿಯೇ ಕಾರ್ಡು ಗುರುತು ಹಿಡಿಯುತ್ತಾರೆ. ಮುಂಬದಿಗೆ ಆರು ಚಿತ್ರಗಳು, ತಲಾ ಎರಡು: ಕಬ್ಬು, ಬೆಲ್ಲದಚ್ಚು, ಎಳನೀರು, ಮದ್ದೂರು ವಡೆ, ರೇಷ್ಮೆಗೂಡು, ರೈಲು. ಚಿತ್ರ ಚೆನ್ನಾಗಿರಬೇಕೆಂದಿಲ್ಲ, ಮಗುವೇ ಬರೆದರೆ ಇನ್ನೂ ಒಳ್ಳೆಯದು. ಜೀವಿಗಳ ಚಿತ್ರ ಬೇಡವೆನ್ನುವ ಮನೆಯವರಿಗೂ ಇವುಗಳಿಂದ ತೊಡಕಿಲ್ಲ.

ಕಾರ್ಡು ಕಲಸಿ, ಮುಖ ಕೆಳಗೆ ಮಾಡಿ, ನಾಲ್ಕರಂತೆ ಮೂರು ಸಾಲು ಜೋಡಿಸಿ. ಆಡುವವರು ತಮ್ಮ ಸರದಿಯಲ್ಲಿ ಎರಡು ಕಾರ್ಡು ತಿರುಗಿಸಬೇಕು. ಅವು ಎಲ್ಲರಿಗೂ ಕಾಣಬೇಕು. ಜೋಡಿಯಾದರೆ ಕಾರ್ಡು ಅವರಿಗೆ, ಜೊತೆಗೆ ಇನ್ನೊಂದು ಸರದಿ. ಆಗದಿದ್ದರೆ ಅದೇ ಜಾಗದಲ್ಲಿ ಮತ್ತೆ ಮಗುಚಿಡಬೇಕು. ಜಾಗ ಬದಲಾದರೆ ಆಟವೇ ಕೆಟ್ಟಿತು. ಕೊನೆಗೆ ಹೆಚ್ಚು ಜೋಡಿ ಇದ್ದವರು ಗೆದ್ದಂತೆ. ಮೊದಲ ಸರದಿಯಲ್ಲೇ ಜೋಡಿ ಸಿಗುವ ಸಂಭವ ಹನ್ನೊಂದರಲ್ಲಿ ಒಂದು ಮಾತ್ರ. ಆಮೇಲಿನದು ಅದೃಷ್ಟಕ್ಕಿಂತ ನೆನಪಿನ ಕೆಲಸ.

ನಮ್ಮ ಮಕ್ಕಳ ಮಟ್ಟಿಗೆ ಇದಕ್ಕೊಂದು ನಿಯಮ ಸೇರಿಸಿಕೊಳ್ಳಿ. ಕಾರ್ಡು ತಿರುಗಿಸಿದವರು ಅದರ ಹೆಸರನ್ನು ಗಟ್ಟಿಯಾಗಿ ಎರಡು ಭಾಷೆಯಲ್ಲೂ ಹೇಳಬೇಕು: ‘ಗುಡ್, ಬೆಲ್ಲ’. ಕನ್ನಡ ಓದಲು ಬಾರದ ದಾದಿಯೂ ಆಡಬಹುದು. ಕನ್ನಡದ ಹೆಸರನ್ನು ಮೊಮ್ಮಗಳು ಹೇಳಿಕೊಡಲಿ. ಶಾಲೆಯಲ್ಲಿ ಬಾಯಿ ಬಿಡದ ಮಗು ಮನೆಯಲ್ಲಿ ದಾದಿಗೆ ಉಸ್ತಾದಿನಿಯಾಗುವುದು ಸಣ್ಣ ಸಂಗತಿಯಲ್ಲ. ವಾರ ಕಳೆದ ಮೇಲೆ ಜೋಡಿಯಲ್ಲಿ ಒಂದು ಚಿತ್ರದ ಬದಲು ಪದ ಬರೆಯಿರಿ. ಆಮೇಲೆ ಅಕ್ಷರಗಳು, ಮಕ್ಕಳು ಎಡವುವ ಮ-ಯ, ಪ-ಷ ಮುಂತಾದವು.

ಎಳೆಯ ಮಕ್ಕಳು ಸೋತರೆ ಅಳುತ್ತಾರೆ. ಆದರೆ ಬೇಕೆಂದೇ ಸೋಲಬೇಡಿ, ಅದು ಅವರಿಗೆ ಗೊತ್ತಾಗಿಬಿಡುತ್ತದೆ. ನಾಲ್ಕು ವರ್ಷದ ಮಗುವಿಗೆ ನಾಲ್ಕೇ ಜೋಡಿ ಇಡಿ. ಇಲ್ಲವೇ ಎಲ್ಲರೂ ಒಂದಾಗಿ, ಒಟ್ಟು ಎಷ್ಟು ಸರದಿಯಲ್ಲಿ ಮುಗಿಯಿತೆಂದು ಎಣಿಸಿ, ನಾಳೆ ಅದಕ್ಕಿಂತ ಕಡಿಮೆಯಲ್ಲಿ ಮುಗಿಸಲು ನೋಡಿ. ‘ಅದಲ್ಲ, ಪಕ್ಕದ್ದು’ ಎಂದು ಪಿಸುಗುಟ್ಟುವ ಅಣ್ಣಂದಿರನ್ನು ಮಾತ್ರ ದೂರ ಕೂರಿಸಿ.

ಕಾರ್ಡು ಎಂದೊಡನೆ ಇಸ್ಪೀಟು ನೆನಪಾಗಿ ಹಿರಿಯರು ಹುಬ್ಬೇರಿಸಬಹುದು. ಅವರ ಆತಂಕ ಸುಳ್ಳಲ್ಲ. ಇಸ್ಪೀಟಿನಿಂದ ಮನೆ ಕಳಕೊಂಡವರಿದ್ದಾರೆ. ಸೂರಃ ಅಲ್ ಮಾಇದಃದಲ್ಲಿ ನಿಷಿದ್ಧವೆಂದಿರುವುದು ಮೈಸಿರ್, ಅಂದರೆ ಜೂಜು. ಆದ್ದರಿಂದ ಈ ಆಟಕ್ಕೆ ಒಂದು ರೂಪಾಯಿಯ, ಒಂದು ಚಾಕಲೇಟಿನ ಪಣವನ್ನೂ ಇಡಬೇಡಿ. ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದಾಟ ತೋರಿಸಿ.

ಒಂದು ಆಟಕ್ಕೆ ಹತ್ತು ನಿಮಿಷ ಸಾಕು. ಮಗ್ರಿಬ್ ಕಳೆದು ಅಡುಗೆ ಒಲೆಯ ಮೇಲಿರುವಾಗ ಎರಡು ಆಟ ಮುಗಿಯುತ್ತದೆ. ಆಮೇಲೆ ಕಾರ್ಡುಗಳನ್ನು ಎಣಿಸಿ ಖಾಲಿ ಮಿಠಾಯಿ ಡಬ್ಬಿಗೆ ಹಾಕುವ ಕೆಲಸ ಮಗುವಿನದು. ಒಂದು ಕಳೆದುಹೋದರೆ ಹೊಸದು ಬರೆದುಕೊಳ್ಳಲು ಮದುವೆ ಕಾರ್ಡುಗಳಿಗೆ ನಮ್ಮಲ್ಲಿ ಬರವಿಲ್ಲ.