ಗಲ್ಲಾಪೆಟ್ಟಿಗೆಯೂ ಮನೆಯ ಖರ್ಚೂ
ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆಯಲ್ಲಿ ಸಲ್ಲುವ ಕಡಿತಗಳು

ನಮ್ಮ ಸಮಾಜದಲ್ಲಿ ಅಂಗಡಿಯನ್ನೇ ನೆಚ್ಚಿ ಬಾಳುವ ಕುಟುಂಬಗಳು ಊರೂರಿಗೂ ಇವೆ. ಕಿರಾಣಿ, ಬಟ್ಟೆ, ಪಾತ್ರೆ, ಗೊಬ್ಬರ-ಬೀಜ, ಅಡತಿ, ವ್ಯಾಪಾರ ಯಾವುದೇ ಇರಲಿ, ಬಹುಪಾಲು ಮನೆಗಳಲ್ಲಿ ಗಲ್ಲಾಪೆಟ್ಟಿಗೆಯೇ ಮನೆಯ ಬೊಕ್ಕಸವೂ ಆಗಿರುತ್ತದೆ. ಹಾಲಿನವನ ಬಾಕಿ, ಮಗಳ ಕಾಲೇಜಿನ ಶುಲ್ಕ, ಬಂದ ಬೀಗರ ಉಪಚಾರ, ಎಲ್ಲವೂ ಅದೇ ಪೆಟ್ಟಿಗೆಯಿಂದ. ವರ್ಷದ ಕೊನೆಯಲ್ಲಿ ಉಳಿದದ್ದು ಲಾಭ, ಉಳಿಯದಿದ್ದರೆ ದೈವೇಚ್ಛೆ. ಹಿರಿಯರು ಹೀಗೆಯೇ ನಡೆಸಿಕೊಂಡು ಬಂದರು, ಮಾನವಾಗಿಯೇ ಬಾಳಿದರು. ಆದರೆ ಆದಾಯ ತೆರಿಗೆಯ ಕಾಯಿದೆಯು ಮನೆಯನ್ನೂ ಅಂಗಡಿಯನ್ನೂ ಬೇರೆ ಬೇರೆಯಾಗಿಯೇ ಕಾಣುತ್ತದೆ. ವ್ಯಾಪಾರಿಗೆ ನ್ಯಾಯವಾಗಿ ಸಲ್ಲಬೇಕಾದ ಕಡಿತಗಳು ಈ ಬೆರಕೆಯಲ್ಲಿಯೇ ಕಳೆದುಹೋಗುತ್ತಿರುವುದನ್ನು ನಾವು ಹಲವೆಡೆ ಕಂಡಿದ್ದೇವೆ.

ನಮಗೆ ಆಪ್ತರಾದ ಇಬ್ಬರು ಸಹೋದರರು ಒಂದು ತಾಲ್ಲೂಕು ಸ್ಥಳದಲ್ಲಿ ಬಟ್ಟೆ ಅಂಗಡಿ ನಡೆಸುತ್ತಾರೆ. ತಂದೆಯವರು ತೀರಿಕೊಂಡ ಮೇಲೆ ಇಬ್ಬರ ಹೆಸರಿನಲ್ಲಿ ಪಾಲುಗಾರಿಕೆಯಾಯಿತು. ಪಾಲುಗಾರಿಕೆ ಪತ್ರ ಎರಡೇ ಪುಟದ್ದು. ಲಾಭ ಸಮಪಾಲು ಎಂಬುದನ್ನು ಬಿಟ್ಟರೆ ಅದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ಸಂಭಾವನೆಯ ವಿಷಯ ಬರೆಯೋಣವೆಂದು ಪತ್ರ ಬರೆದವರು ಸೂಚಿಸಿದಾಗ ಹಿರಿಯರು, "ಅಣ್ಣ ತಮ್ಮಂದಿರ ನಡುವೆ ಸಂಬಳದ ಮಾತೇನು ರೀ, ಯಾರಾದರೂ ಕೇಳಿದರೆ ನಕ್ಕಾರು" ಎಂದು ಬಿಡಿಸಿಬಿಟ್ಟರಂತೆ. ಮಾತು ದೊಡ್ಡ ಮನಸ್ಸಿನದೇ. ಆದರೆ ಅದರ ಬೆಲೆ ಎಷ್ಟೆಂಬುದನ್ನು ಓದುಗರು ನೋಡಬೇಕು.

ಪಾಲುಗಾರಿಕೆ ಸಂಸ್ಥೆಗೆ ವ್ಯಕ್ತಿಗಳಿಗಿರುವಂತೆ ಹಂತ ಹಂತದ ದರಗಳಿಲ್ಲ. ಲಾಭ ಎಷ್ಟೇ ಇರಲಿ, ಮೊದಲ ರೂಪಾಯಿಯಿಂದಲೇ ಶೇಕಡ 30 ತೆರಿಗೆ, ಅದರ ಮೇಲೆ ಶೇಕಡ 4 ಉಪಕರ. ವರ್ಷದ ಲಾಭ 9 ಲಕ್ಷ ರೂಪಾಯಿ ಎಂದು ದುಂಡು ಅಂಕಿ ಹಿಡಿಯೋಣ. ಪತ್ರದಲ್ಲಿ ಸಂಭಾವನೆಯ ಮಾತೇ ಇಲ್ಲದಿದ್ದರೆ ಇಡೀ 9 ಲಕ್ಷಕ್ಕೂ ತೆರಿಗೆ: 2,80,800 ರೂಪಾಯಿ. ಅಂಗಡಿಯಲ್ಲಿ ದುಡಿಯುವ ಪಾಲುದಾರರಿಗೆ ಇಂತಿಷ್ಟು ಸಂಭಾವನೆ ಎಂದು ಪತ್ರದಲ್ಲಿ ಬರೆದಿದ್ದರೆ ಲೆಕ್ಕವೇ ಬೇರೆ. 2024-25ನೇ ಸಾಲಿನಿಂದ ಬಂದಿರುವ ಮಿತಿಯಂತೆ ಮೊದಲ 6 ಲಕ್ಷ ಲಾಭದಲ್ಲಿ 3 ಲಕ್ಷ ಅಥವಾ ಶೇಕಡ 90, ಇವೆರಡರಲ್ಲಿ ಹೆಚ್ಚಿನದು, ಮಿಕ್ಕ ಲಾಭದಲ್ಲಿ ಶೇಕಡ 60, ಇಷ್ಟನ್ನು ಸಂಭಾವನೆಯೆಂದು ಕಳೆಯಬಹುದು. ಅಂದರೆ 5,40,000ವೂ 1,80,000ವೂ ಕೂಡಿ 7,20,000 ರೂಪಾಯಿ. ಸಂಸ್ಥೆಯ ಲೆಕ್ಕದಲ್ಲಿ ಉಳಿಯುವುದು 1,80,000. ಅದಕ್ಕೆ ತೆರಿಗೆ 56,160. ತಲಾ 3,60,000 ರೂಪಾಯಿ ಸಂಭಾವನೆ ಸಹೋದರರ ಸ್ವಂತ ಆದಾಯವಾಗಿ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಅವರಿಗೆ ಬೇರೆ ಆದಾಯವಿಲ್ಲದಿದ್ದರೆ 2025-26ನೇ ಸಾಲಿನ ಹೊಸ ಪದ್ಧತಿಯ 4 ಲಕ್ಷದ ಮಿತಿಯೊಳಗೇ ಅದು ನಿಲ್ಲುತ್ತದೆ. ಪತ್ರದಲ್ಲಿ ಒಂದು ವಾಕ್ಯ ಇಲ್ಲದ್ದಕ್ಕೆ ಒಂದೇ ವರ್ಷದಲ್ಲಿ 2,24,640 ರೂಪಾಯಿ! ಒಂದು ಮಗುವಿನ ಓದಿನ ಹಣ ಅದು.

ಕಾಯಿದೆಯ ಮೂಲ ತತ್ತ್ವ ಸರಳವಾದದ್ದು. ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದ, ಬಂಡವಾಳದ ಸ್ವರೂಪದ್ದಲ್ಲದ, ವ್ಯಾಪಾರಿಯ ಸ್ವಂತದ್ದಲ್ಲದ ಖರ್ಚನ್ನು ಆದಾಯದಿಂದ ಕಳೆಯಬಹುದು. 1961ರ ಕಾಯಿದೆಯಲ್ಲಿ ಇದು 37ನೇ ಕಲಮಿನಲ್ಲಿತ್ತು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆಯದೇ ಅಧಿಕಾರವಾದುದರಿಂದ ಕಲಮುಗಳ ಸಂಖ್ಯೆಗಳು ಬದಲಾಗಿವೆ, ತತ್ತ್ವ ಬದಲಾಗಿಲ್ಲ. ಅಂಗಡಿಯ ಬಾಡಿಗೆ, ದೀಪದ ಬಿಲ್ಲು, ಆಳುಗಳ ಸಂಬಳ, ಸಾಗಾಣಿಕೆ, ವಿಮೆ, ರಿಪೇರಿ, ವ್ಯಾಪಾರಕ್ಕಾಗಿ ತಂದ ಸಾಲದ ಬಡ್ಡಿ, ಇವೆಲ್ಲ ಸಂಶಯವಿಲ್ಲದೆ ಸಲ್ಲುವವು. ಕಪಾಟು, ತಕ್ಕಡಿ, ಗಣಕಯಂತ್ರ ಮೊದಲಾದವನ್ನು ಕೊಂಡ ವರ್ಷವೇ ಪೂರ್ತಿ ಕಳೆಯುವಂತಿಲ್ಲ. ಪೀಠೋಪಕರಣಕ್ಕೆ ವರ್ಷಕ್ಕೆ ಶೇಕಡ 10, ಯಂತ್ರಗಳಿಗೆ ಸಾಮಾನ್ಯವಾಗಿ 15, ಗಣಕಯಂತ್ರಕ್ಕೆ 40ರಂತೆ ಸವಕಳಿ ಸಿಗುತ್ತದೆ. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ.

ಮನೆಯ ಮುಂಭಾಗದಲ್ಲಿಯೇ ಅಂಗಡಿ ಇದ್ದರೆ? ಮನೆ ಬಾಡಿಗೆಯದಾಗಿದ್ದಲ್ಲಿ ಬಾಡಿಗೆಯಲ್ಲಿ, ದೀಪದ ಬಿಲ್ಲಿನಲ್ಲಿ ಅಂಗಡಿಯ ಪಾಲೆಷ್ಟೋ ಅಷ್ಟನ್ನು ಕಳೆಯಬಹುದು. ಸ್ಕೂಟರು ಬೆಳಿಗ್ಗೆ ಸರಕು ತರುವುದಕ್ಕೂ ಸಂಜೆ ಮಕ್ಕಳನ್ನು ಕರೆತರುವುದಕ್ಕೂ ಓಡಿದರೆ ಅದಕ್ಕೂ ಇದೇ ನ್ಯಾಯ. ದೀಪಾವಳಿಯ ಅಂಗಡಿ ಪೂಜೆಯ ಖರ್ಚಿನ ಬಗೆಗೆ ಅನೇಕರು ಕೇಳುತ್ತಾರೆ. ಅದನ್ನು ಪ್ರಚಾರದ ವೆಚ್ಚದಂತೆ ವ್ಯಾಪಾರದ ಖರ್ಚೆಂದು ಪರಿಗಣಿಸಬಹುದೆಂದು ನೇರ ತೆರಿಗೆಗಳ ಕೇಂದ್ರ ಮಂಡಳಿಯು 1968ರಷ್ಟು ಹಿಂದೆಯೇ ಸುತ್ತೋಲೆ ಹೊರಡಿಸಿತ್ತು. ಆದರೆ ಅದೇ ದಿನ ಮನೆಮಂದಿಗೆ ತೆಗೆದ ಬಟ್ಟೆ ಅಂಗಡಿಯ ಖರ್ಚಲ್ಲ. ಮಠದ ದಾಸೋಹಕ್ಕೋ ಜಾತ್ರೆಗೋ ಕೊಟ್ಟ ದೇಣಿಗೆಯೂ ಸಾಮಾನ್ಯವಾಗಿ ವ್ಯಾಪಾರದ ಖರ್ಚಾಗುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟಿದ್ದರೆ, ದಾನಿಯು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿದ್ದರೆ ಮಾತ್ರ ಅದಕ್ಕೆ ಪ್ರತ್ಯೇಕ ಕಡಿತ. ಅಲ್ಲಿಯೂ 2,000 ರೂಪಾಯಿಗೆ ಮೀರಿದ ನಗದು ನಡೆಯದು.

ಮನೆಯವರಿಗೆ ಕೊಡುವ ಸಂಬಳದ ವಿಷಯ ಸೂಕ್ಷ್ಮವಾದದ್ದು. ಓದು ಮುಗಿಸಿ ಬಂದ ಮಗ ದಿನವೆಲ್ಲ ಅಂಗಡಿಯಲ್ಲಿ ಕುಳಿತರೆ ಅವನಿಗೆ ತಕ್ಕ ಸಂಬಳ ಕೊಟ್ಟು ಅದನ್ನು ಕಳೆಯಲು ಅಡ್ಡಿಯಿಲ್ಲ. ಹೊರಗಿನ ಆಳಿಗೆ ಕೊಡುವುದಕ್ಕಿಂತ ಮಿತಿಮೀರಿ ಕೊಟ್ಟಿದ್ದರೆ ಹೆಚ್ಚಿನದನ್ನು ಅಧಿಕಾರಿಗಳು ತೆಗೆದುಹಾಕಬಹುದು. ಕಾಗದದ ಮೇಲಷ್ಟೇ ಇರುವ ಸಂಬಳ ಸಲ್ಲದು. ತಿಂಗಳು ತಿಂಗಳು ಅವನ ಖಾತೆಗೆ ಹೋಗಿರಬೇಕು. ಅಂಗಡಿ ಒಬ್ಬರದೇ ಆಗಿದ್ದರೆ ಯಜಮಾನರು ತಮಗೆ ತಾವೇ ಸಂಬಳ ಬರೆದುಕೊಳ್ಳುವಂತಿಲ್ಲ. ಇನ್ನು ಪತ್ನಿಗೆ ಕೊಟ್ಟ ಸಂಬಳ: ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು ಅದರ ಬಲದಿಂದಲೇ ದುಡಿದಿದ್ದರೆ ಹೊರತು, ಅದನ್ನು ಮತ್ತೆ ಪತಿಯ ಆದಾಯಕ್ಕೇ ಸೇರಿಸುವ ನಿಯಮವಿದೆ. ಮನೆಗೆಲಸ ಮುಗಿಸಿ ಹನ್ನೊಂದು ಗಂಟೆಯಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕುಳಿತು ಕಿರ್ದಿ ಬರೆಯುವ ತಾಯಂದಿರನ್ನು ನಾವು ಬಲ್ಲೆವು. ಅವರ ದುಡಿಮೆಯನ್ನು ದುಡಿಮೆಯೆಂದು ಎಣಿಸದ ಈ ನಿಯಮ ಸರಿಯಾದುದೆಂದು ನಮಗೆ ತೋರುವುದಿಲ್ಲ. ಆದರೂ ಇರುವುದು ಇದೇ.

ನಗದು ಪಾವತಿಯಲ್ಲಿ ಎಚ್ಚರ ತಪ್ಪುವವರೇ ಹೆಚ್ಚು. ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ 10,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ಖರ್ಚು, ಸರಕಿನ ಖರೀದಿಯೂ ಸೇರಿ, ಕಡಿತಕ್ಕೆ ಸಲ್ಲುವುದಿಲ್ಲ. 2017ರ ಏಪ್ರಿಲ್‌ಗೆ ಮೊದಲು ಈ ಮಿತಿ 20,000 ಇತ್ತು. ಹಳೆಯ ಅಂಕಿಯನ್ನೇ ನೆನಪಿನಲ್ಲಿಟ್ಟುಕೊಂಡವರು ಇನ್ನೂ ಇದ್ದಾರೆ. ಲಾರಿ ಬಾಡಿಗೆಗೆ ಮಾತ್ರ 35,000ದವರೆಗೆ ಅವಕಾಶವುಂಟು. ಬೆಳೆದ ರೈತನಿಂದಲೇ ನೇರವಾಗಿ ಜೋಳ, ಶೇಂಗಾ ಕೊಂಡು ನಗದು ಕೊಟ್ಟರೆ ಬಾಧಕವಿಲ್ಲ; ಅದೇ ಸರಕನ್ನು ವ್ಯಾಪಾರಿಯಿಂದ ಕೊಂಡರೆ ಈ ವಿನಾಯಿತಿ ಅನ್ವಯಿಸದು.

ಉದ್ರಿಯ ಮಾತನ್ನೂ ಹೇಳಬೇಕು. ಹಳ್ಳಿಯ ಕಡೆ ಸುಗ್ಗಿಯವರೆಗೆ ಉದ್ರಿ ಕೊಡದೆ ವ್ಯಾಪಾರವೇ ಇಲ್ಲ. ಕೊಟ್ಟವರಲ್ಲಿ ಕೆಲವರು ಊರು ಬಿಡುತ್ತಾರೆ, ಕೆಲವರು ಮುಖ ತಪ್ಪಿಸುತ್ತಾರೆ. ಮಾರಿದ ವರ್ಷ ಆ ಮೊತ್ತ ನಿಮ್ಮ ಆದಾಯದಲ್ಲಿ ಸೇರಿದ್ದರೆ, ಬಾರದ ಬಾಕಿಯನ್ನು ಖಾತೆಯಲ್ಲಿ ವಜಾ ಬರೆದ ವರ್ಷ ಅದನ್ನು ಕಡಿತವಾಗಿ ಪಡೆಯಬಹುದು. ಸಾಲ ಮುಳುಗಿತೆಂದು ಸಾಧಿಸಿ ತೋರಿಸಬೇಕಾದ ಹೊರೆ 1989ರ ಏಪ್ರಿಲ್‌ನಿಂದ ಇಲ್ಲ. ಖಾತೆಯಲ್ಲಿ ವಜಾ ಬರೆದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯವೂ 2010ರಲ್ಲಿ ಹೇಳಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಉದ್ರಿಗೆ ಈ ಸೌಲಭ್ಯ ಹೇಗೆ ದೊರೆತೀತು?

ಇಷ್ಟೆಲ್ಲ ಲೆಕ್ಕ ಯಾರು ಬರೆಯುತ್ತಾರೆ ಎನ್ನುವವರಿಗಾಗಿ ಅಂದಾಜು ಲಾಭದ ಪದ್ಧತಿಯೊಂದಿದೆ. ವಾರ್ಷಿಕ ವಹಿವಾಟು 2 ಕೋಟಿ ರೂಪಾಯಿಯೊಳಗಿದ್ದರೆ, ನಗದು ಜಮೆ ಶೇಕಡ 5ಕ್ಕೆ ಮೀರದಿದ್ದಲ್ಲಿ 3 ಕೋಟಿಯೊಳಗಿದ್ದರೆ, ವಹಿವಾಟಿನ ಶೇಕಡ 8ನ್ನೇ ಲಾಭವೆಂದು ಘೋಷಿಸಬಹುದು. ಬ್ಯಾಂಕು, ಯುಪಿಐ ಮೂಲಕ ಬಂದ ವಹಿವಾಟಿಗೆ ಶೇಕಡ 6 ಸಾಕು. ಹೀಗೆ ಘೋಷಿಸಿದ ಮೇಲೆ ಬಾಡಿಗೆ, ಸವಕಳಿ ಎಂದು ಮತ್ತೆ ಏನನ್ನೂ ಕಳೆಯುವಂತಿಲ್ಲ. ಪಾಲುದಾರರ ಸಂಭಾವನೆಯೂ ಇಲ್ಲ.

ಇದು ಎಲ್ಲರಿಗೂ ಲಾಭದ ದಾರಿಯಲ್ಲ. ಸಗಟು ಕಿರಾಣಿಯಲ್ಲಿ 1 ಕೋಟಿ 80 ಲಕ್ಷ ರೂಪಾಯಿ ವಹಿವಾಟು, ಎಲ್ಲವೂ ನಗದು ಎನ್ನೋಣ. ಶೇಕಡ 8ರಂತೆ ಲಾಭ 14,40,000. 2025-26ರ ಹೊಸ ಪದ್ಧತಿಯಲ್ಲಿ ಅದಕ್ಕೆ ತೆರಿಗೆ ಉಪಕರ ಸೇರಿ 99,840 ರೂಪಾಯಿ. ಅದೇ ವಹಿವಾಟು ಬ್ಯಾಂಕಿನ ಮೂಲಕ ನಡೆದಿದ್ದರೆ ಶೇಕಡ 6ರಂತೆ 10,80,000. ಬೇರೆ ಆದಾಯವಿಲ್ಲದಿದ್ದರೆ ತೆರಿಗೆಯೇ ಇಲ್ಲ, ಏಕೆಂದರೆ 12 ಲಕ್ಷದವರೆಗೆ ಪೂರ್ಣ ರಿಯಾಯಿತಿಯಿದೆ. ನಿಜವಾದ ಲಾಭ ಶೇಕಡ 4 ಮಾತ್ರ ಎನ್ನುವ ವ್ಯಾಪಾರಿ ಅಷ್ಟನ್ನೇ ತೋರಿಸಬಹುದು. ಆದರೆ ಇಷ್ಟು ವಹಿವಾಟಿಗೆ ಲೆಕ್ಕಪತ್ರವಿಟ್ಟು ಲೆಕ್ಕ ಪರಿಶೋಧಕರಿಂದ ತಪಾಸಣೆ ಮಾಡಿಸಬೇಕು. ಒಂದು ವರ್ಷ ಅಂದಾಜು ಪದ್ಧತಿ, ಮರುವರ್ಷ ಬೇಡ ಎಂದು ಬದಲಿಸಿದರೆ ಮುಂದಿನ ಐದು ವರ್ಷ ಆ ಬಾಗಿಲು ಮುಚ್ಚುತ್ತದೆ ಎಂಬುದನ್ನೂ ಮರೆಯಬಾರದು.

2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳು ಬಂದಾಗ, ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು 'ನಗದು ಮಾತ್ರ' ಎಂಬ ಫಲಕ ಹಾಕಿದವು. ಅದು ಜಿಎಸ್‌ಟಿಯ ವಿಷಯ, ಆದಾಯ ತೆರಿಗೆಯದಲ್ಲ. ಹೆದರಿಕೆ ಸಹಜವೇ. ಆದರೆ ನಗದಿಗೆ ಮರಳಿದವರು ಶೇಕಡ 6ರ ಅನುಕೂಲವನ್ನು ಕೈಯಾರೆ ಬಿಟ್ಟಂತಾಯಿತು. ಮೈದುನ ಹಿಂತಿರುಗಿಸಿದ ಕೈಗಡ, ಚೀಟಿಯ ಹಣ, ಮಗಳು ಕಳಿಸಿದ್ದು, ಎಲ್ಲವೂ ಅಂಗಡಿಯ ಖಾತೆಗೇ ಬಂದರೆ ಅದು ವಹಿವಾಟಲ್ಲವೆಂದು ತೋರಿಸುವ ಭಾರ ವ್ಯಾಪಾರಿಯ ಮೇಲೆಯೇ ಬೀಳುತ್ತದೆ. ಅಂಗಡಿಗೊಂದು, ಮನೆಗೊಂದು ಬ್ಯಾಂಕ್ ಖಾತೆ ಇಡಲು ಅರ್ಧ ದಿನದ ಓಡಾಟ ಸಾಕು.

ಹೊಸ ಪದ್ಧತಿಯಲ್ಲಿ ಕಡಿತಗಳೇ ಇಲ್ಲ ಎಂಬ ಮಾತೂ ಪೇಟೆಯಲ್ಲಿ ಹಬ್ಬಿದೆ. ಹೋಗಿರುವುದು ಜೀವವಿಮೆಯ ಕಂತು, ಮಕ್ಕಳ ಶುಲ್ಕ ಮೊದಲಾದ ಸ್ವಂತ ಕಡಿತಗಳು. ಅಂಗಡಿಯ ಖರ್ಚು ಎರಡು ಪದ್ಧತಿಗಳಲ್ಲಿಯೂ ಸಲ್ಲುತ್ತದೆ. ನಷ್ಟವಾದ ವರ್ಷವೂ ಗಡುವಿನೊಳಗೆ ವಿವರಪತ್ರ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ ಎಂಟು ವರ್ಷಗಳ ವ್ಯಾಪಾರದ ಲಾಭದಲ್ಲಿ ಕಳೆದುಕೊಳ್ಳಬಹುದು. ಗಡುವು ತಪ್ಪಿದರೆ ಆ ಹಕ್ಕು ಹೋಯಿತು.

ನಮ್ಮ ಆ ಸಹೋದರರು ಕಳೆದ ಯುಗಾದಿಯಂದು ಹೊಸ ಪಾಲುಗಾರಿಕೆ ಪತ್ರ ಬರೆಸಿದರು. ಸಂಭಾವನೆಯ ಜೊತೆಗೆ, ಅಂಗಡಿಯಲ್ಲಿ ಇಬ್ಬರೂ ತೊಡಗಿಸಿದ ಬಂಡವಾಳಕ್ಕೆ ಶೇಕಡ 12ರ ಬಡ್ಡಿಯನ್ನೂ ಅದರಲ್ಲಿ ಸೇರಿಸಿದ್ದಾರೆ. ಅಷ್ಟರವರೆಗೆ ಕಡಿತ ಸಿಗುತ್ತದೆ. ಈಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಖಾತೆ. ಹಿರಿಯರ ಮಗಳ ಮದುವೆಗೆ ತೆಗೆದದ್ದು ಅವರ ಲೆಕ್ಕಕ್ಕೆ, ಕಿರಿಯರ ಮನೆ ಕಟ್ಟಲು ಹೋದದ್ದು ಇವರ ಲೆಕ್ಕಕ್ಕೆ. ಇಷ್ಟು ದಿನ ಯಾರೂ ಬಾಯಿಬಿಟ್ಟು ಕೇಳದೆ ಇಬ್ಬರ ಮನೆಯಲ್ಲೂ ಒಳಗೊಳಗೇ ಬೇಯುತ್ತಿದ್ದ ಮಾತು ಅದಾಗಿತ್ತು. ಪತ್ರದ ದಿನಾಂಕಕ್ಕಿಂತ ಹಿಂದಿನ ಅವಧಿಗೆ ಸಂಭಾವನೆಯ ಕಡಿತ ಸಿಗುವುದಿಲ್ಲವಾದುದರಿಂದ, ಹಿಂದೆ ಕಟ್ಟಿದ ತೆರಿಗೆ ಮಾತ್ರ ಅವರಿಗೆ ಮರಳಿ ಬರಲಿಲ್ಲ.